ಬೆಂಚ್ ಮೇಲಿಟ್ಟು ಹೊಡೆದರೂ ಗುಂಡು ಚದುರುತ್ತಿದೆಯಾ? ಮೊದಲು ಆಸರೆ ನೋಡಿ

ರೈಫಲ್ ಝೀರೋ ಮಾಡಲು, ಅಂದರೆ ಸ್ಕೋಪ್ ತೋರಿಸುವಲ್ಲೇ ಗುಂಡು ಬೀಳುವಂತೆ ಹೊಂದಿಸಲು, ಕೂತಿದ್ದೀರಿ. ಮೇಜಿದೆ, ಕುರ್ಚಿಯಿದೆ, ಮುಂದೊಂದು ಮರಳು ಚೀಲ, ಹಿಂದೊಂದು. 50 ಮೀಟರ್ ಆಚೆ ಅಂಟಿಸಿದ ಕಾಗದಕ್ಕೆ ಐದು ಗುಂಡು ಹೊಡೆದರೆ ಐದೂ ಐದು ಕಡೆ. ಸ್ಕೋಪ್ ಕೆಟ್ಟಿದೆ ಅಂತ ಒಬ್ಬರು, ಗುಂಡಿನ ಬ್ಯಾಚ್ ಸರಿಯಿಲ್ಲ ಅಂತ ಇನ್ನೊಬ್ಬರು, ನಳಿಗೆ ಸವೆದಿದೆ ಅಂತ ಮತ್ತೊಬ್ಬರು. ಇವರ ಮಾತು ಕೇಳಿ ಸ್ಕೋಪ್‌ನ ಗುಂಡಿ ತಿರುಗಿಸಲು ಶುರು ಮಾಡಿದಿರೋ, ಆ ದಿನ ಕೆಟ್ಟ ಹಾಗೆಯೇ. ಚದುರುವ ಗ್ರೂಪನ್ನು (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪನ್ನು) ಸ್ಕೋಪ್ ಗುಂಡಿಯಿಂದ ಒಟ್ಟುಗೂಡಿಸಲು ಆಗುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಬಹುದು ಅಷ್ಟೇ.

ಕೈಗೆ ಸಿಕ್ಕಿದ್ದರಲ್ಲಿ ಆಸರೆ ಮಾಡಿಕೊಂಡು ಹೊಡೆಯುವಾಗ ಬಹಳ ಸಲ ದೋಷ ಇರುವುದು ಆ ಆಸರೆಯಲ್ಲೇ. ಆಸರೆ ಗಟ್ಟಿಯಾಗಿದ್ದರೆ ಸಾಕು ಅನ್ನುವ ನಂಬಿಕೆ ಜಾಸ್ತಿ. ಬರೀ ಗಟ್ಟಿಯಾಗಿದ್ದರೆ ಸಾಲದು. ಪ್ರತಿ ಸಲವೂ ರೈಫಲ್ ಅದೇ ಜಾಗದಲ್ಲಿ ಕೂರಬೇಕು, ಅದೇ ಒತ್ತಡದಲ್ಲಿರಬೇಕು, ಹೊಡೆದಾಗ ಅದೇ ರೀತಿ ಹಿಂದೆ ಸರಿಯಬೇಕು. ಈ ಮೂರರಲ್ಲಿ ಯಾವುದು ತಪ್ಪುತ್ತಿದೆ ಎಂದು ಹುಡುಕುವುದೇ ಇಲ್ಲಿನ ಕೆಲಸ. ನಾನು ಮನಸ್ಸಿನಲ್ಲಿಟ್ಟುಕೊಂಡಿರುವುದು ಎರಡು ರೈಫಲ್: ರೇಂಜ್‌ನಲ್ಲಿ 50 ಮೀಟರ್‌ಗೆ ಹೊಡೆಯುವ .22 ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯುವಂಥದ್ದು), ಮತ್ತು ಲೈಸೆನ್ಸ್ ಬೇಡದ 4.5 ಮಿ.ಮೀ., 20 ಜೂಲ್ ಒಳಗಿನ ಸ್ಪ್ರಿಂಗ್ ಏರ್ ರೈಫಲ್. ಎರಡರ ಸ್ವಭಾವವೂ ಬೇರೆ, ಅದು ಮುಂದೆ ಬರುತ್ತದೆ.

ಗುಂಡು ಹಾಕದೆ ಮಾಡುವ ಪರೀಕ್ಷೆ

ಮ್ಯಾಗಜಿನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ಚೇಂಬರ್ ಖಾಲಿ ಇದೆಯೆಂದು ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡಿಕೊಳ್ಳಿ. ನಳಿಗೆಯ ಬಾಯಿ ಗುರಿಯ ಕಡೆಗೇ ಇರಲಿ.

ಈಗ ರೈಫಲನ್ನು ಚೀಲಗಳ ಮೇಲಿಟ್ಟು ಕ್ರಾಸ್‌ಹೇರನ್ನು (ಸ್ಕೋಪ್‌ನೊಳಗೆ ಕಾಣುವ ಅಡ್ಡ-ಉದ್ದ ಗೆರೆಗಳನ್ನು) ಕಾಗದದ ಮೇಲಿನ ಚುಕ್ಕೆಗೆ ತನ್ನಿ. ನಿಧಾನವಾಗಿ ಕೈ ತೆಗೆಯಿರಿ. ಸ್ಕೋಪ್ ಮುಟ್ಟದೆ ಇಣುಕಿ. ಚುಕ್ಕೆ ಅಲ್ಲೇ ಇದೆಯಾ? ಕೈ ಬಿಟ್ಟ ಕೂಡಲೇ ಕ್ರಾಸ್‌ಹೇರ್ ಪಕ್ಕಕ್ಕೆ ಓಡಿದರೆ, ಇಷ್ಟು ಹೊತ್ತು ಅದನ್ನು ಹಿಡಿದಿದ್ದದ್ದು ನಿಮ್ಮ ತೋಳು, ಚೀಲ ಅಲ್ಲ. ತೋಳಿನ ಬಲ ಒಂದು ಹೊಡೆತದಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಗ್ರೂಪ್ ಅಲ್ಲೇ ಹಾಳು.

ಅಲ್ಲೇ ಇದ್ದರೆ ಮುಂದಿನ ಹಂತ. ಇಣುಕುತ್ತಲೇ ಎಡ ಮೊಣಕೈಯನ್ನು ಮೇಜಿಗೆ ಊರಿ, ತೆಗೆಯಿರಿ, ಮತ್ತೆ ಊರಿ. ಕ್ರಾಸ್‌ಹೇರ್ ಕುಣಿದರೆ ತೊಂದರೆ ಮೇಜಿನಲ್ಲಿದೆ. ಆಮೇಲೆ ಕೆನ್ನೆ ಇಡಿ, ತೆಗೆಯಿರಿ. ಆಮೇಲೆ ಭುಜ. ಯಾವುದಕ್ಕೆ ಕ್ರಾಸ್‌ಹೇರ್ ಜಾಸ್ತಿ ಓಡುತ್ತದೋ ಅದನ್ನು ಗುರುತು ಹಾಕಿಕೊಳ್ಳಿ.

ಕೊನೆಗೆ ಟ್ರಿಗರ್. ಇಲ್ಲಿ ಎಚ್ಚರ ಬೇಕು. ಹಲವು .22 ರಿಮ್‌ಫೈರ್ (ತೋಟಾದ ಅಂಚಿಗೆ ಪಿನ್ ಬಡಿದು ಸಿಡಿಯುವ) ರೈಫಲ್‌ಗಳಲ್ಲಿ ಖಾಲಿ ಚೇಂಬರ್ ಮೇಲೆ ಟ್ರಿಗರ್ ಎಳೆಯುವುದು ಒಳ್ಳೆಯದಲ್ಲ, ಫೈರಿಂಗ್ ಪಿನ್ ಚೇಂಬರ್ ಅಂಚಿಗೆ ಬಡಿಯಬಹುದು. ಹೊಡೆದು ಮುಗಿದ ಖಾಲಿ ತೋಟಾ ಒಂದನ್ನು, ಪಿನ್ ಬಡಿದ ಹಳೆಯ ಗುಳಿ ಪಕ್ಕಕ್ಕೆ ಬರುವ ಹಾಗೆ ತಿರುಗಿಸಿ ಹಾಕಿಕೊಳ್ಳಿ. ಸ್ಪ್ರಿಂಗ್ ಏರ್ ರೈಫಲನ್ನಂತೂ ಪೆಲೆಟ್ (ಅದರ ಸಣ್ಣ ಗುಂಡು) ಇಲ್ಲದೆ ಹೊಡೆಯಲೇಬಾರದು. ಮುಂದೆ ಗಾಳಿಗೆ ತಡೆ ಇಲ್ಲದೆ ಪಿಸ್ಟನ್ ನೇರ ಹೋಗಿ ಗುದ್ದಿಕೊಳ್ಳುತ್ತದೆ, ಸೀಲ್ ಹೋಗುತ್ತದೆ. ಅದರಲ್ಲಿ ಟ್ರಿಗರ್ ಪರೀಕ್ಷೆ ಬಿಟ್ಟುಬಿಡಿ. .22ರಲ್ಲಿ ಟಿಕ್ ಅಂದಾಗ ಕ್ರಾಸ್‌ಹೇರ್ ಎಡಕ್ಕೋ ಬಲಕ್ಕೋ ಹಾರಿತಾ? ಹಾಗಾದರೆ ಬೆರಳು ಟ್ರಿಗರನ್ನು ನೇರ ಹಿಂದಕ್ಕೆ ಎಳೆಯುತ್ತಿಲ್ಲ, ಪಕ್ಕಕ್ಕೆ ತಳ್ಳುತ್ತಿದೆ.

ಮೇಜು ಮತ್ತು ಕುರ್ಚಿ

ಇದನ್ನು ಬೇಗ ಮುಗಿಸೋಣ. ಸ್ಟೀಲ್ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ ಮೇಜಿನ ಮೇಲಿಡಿ. ಎಂದಿನಂತೆ ಕೂತು, ಉಸಿರಾಡಿ, ಮೊಣಕೈ ಊರಿ. ನೀರು ನಡುಗುತ್ತಿದ್ದರೆ ನಳಿಗೆಯೂ ನಡುಗುತ್ತಿದೆ. ನಾಲ್ಕು ಕಾಲಿನ ಮೇಜು ಒರಟು ನೆಲದ ಮೇಲೆ ಕುಂಟುವುದು ಗೊತ್ತಿರುವ ವಿಷಯ. ರಟ್ಟು ಮಡಚಿ ಕಾಲಿನ ಕೆಳಗೆ ತುರುಕುವುದು ನಮ್ಮೆಲ್ಲರ ಅಭ್ಯಾಸ, ಆದರೆ ರಟ್ಟು ಭಾರಕ್ಕೆ ಕುಗ್ಗುತ್ತಲೇ ಹೋಗುತ್ತದೆ. ಮರದ ಬೆಣೆ ಹಾಕಿ. ನೆಲ ಮಣ್ಣಾಗಿದ್ದರೆ ಪ್ರತಿ ಕಾಲಿನ ಕೆಳಗೂ ಚಪ್ಪಡಿ ಕಲ್ಲಿನ ತುಂಡು ಇಡಿ.

ಹೊಸದಾಗಿ ಮಾಡಿಕೊಳ್ಳುವವರಿಗೆ ನನ್ನ ಸಲಹೆ: ಗ್ರಾನೈಟ್ ಅಂಗಡಿಯಲ್ಲಿ ಉಳಿದ ತುಂಡೋ, ದಪ್ಪ ಕಡಪಾ ಕಲ್ಲೋ ತಂದು ಸಿಮೆಂಟ್ ಬ್ಲಾಕ್‌ಗಳ ಮೂರು ಕಂಬದ ಮೇಲೆ ಕೂರಿಸಿ. ಮೂರು ಕಾಲಿದ್ದರೆ ನೆಲ ಹೇಗಿದ್ದರೂ ಕುಂಟುವುದಿಲ್ಲ. ಪ್ಲೈವುಡ್ ಹಲಗೆ ಬೇಡ, ಮೊಣಕೈ ಭಾರಕ್ಕೇ ಬಾಗುತ್ತದೆ. ಕುರ್ಚಿ ಮೇಜಿಗೆ ತಾಗದಿರಲಿ. ಪ್ಲಾಸ್ಟಿಕ್ ಕುರ್ಚಿಯ ಕಾಲು ಅಗಲವಾಗುತ್ತಾ ಮೈ ನಿಧಾನಕ್ಕೆ ಕೆಳಗಿಳಿಯುತ್ತದೆ, ಅದರ ಬದಲು ಮರದ ಸ್ಟೂಲ್ ಮೇಲು.

ಚೀಲ: ಅರ್ಧಕ್ಕಿಂತ ಜಾಸ್ತಿ ತೊಂದರೆ ಇಲ್ಲೇ

ತಲೆದಿಂಬು, ಮಡಚಿದ ಕಂಬಳಿ, ಸ್ಪಂಜು, ಬೆನ್ನಿಗೆ ಹಾಕುವ ಬ್ಯಾಗು. ಮೊದಲ ದಿನ ಎಲ್ಲರೂ ಇವುಗಳಲ್ಲೇ ಶುರು ಮಾಡುತ್ತಾರೆ. ಇವೆಲ್ಲಕ್ಕೂ ಒಂದೇ ರೋಗ: ಒತ್ತಿದರೆ ವಾಪಸ್ ತಳ್ಳುತ್ತವೆ. ನೀವು ಗುರಿ ಹಿಡಿದಿರುವಷ್ಟು ಹೊತ್ತೂ ಅವು ರೈಫಲನ್ನು ಮೇಲಕ್ಕೆ ನೂಕುತ್ತಲೇ ಇರುತ್ತವೆ. ನಮಗೆ ಬೇಕಾದದ್ದು ಒತ್ತಿದ ಆಕಾರದಲ್ಲೇ ಉಳಿಯುವ ವಸ್ತು, ಅಂದರೆ ಕಾಳು ಅಥವಾ ಮರಳು.

ಮರಳಿಗೆ ಭಾರವಿದೆ. ಒಣ ಮರಳು ಲೀಟರಿಗೆ ಸುಮಾರು ಒಂದೂವರೆ ಕೆಜಿ ತೂಗುತ್ತದೆ, ಅಕ್ಕಿ ಅದರ ಅರ್ಧದಷ್ಟು. ಹಾಗಾಗಿ ಮುಂದಿನ ಚೀಲಕ್ಕೆ ಮರಳು, ಹಿಂದಿನ ಸಣ್ಣ ಚೀಲಕ್ಕೆ ಅಕ್ಕಿ ಅಥವಾ ರಾಗಿ. ರಾಗಿ ಇದಕ್ಕೆ ಹೇಳಿ ಮಾಡಿಸಿದ್ದು. ಸಣ್ಣಗೆ ಗುಂಡಗಿರುವುದರಿಂದ ಹಿಂಡಿದಾಗ ಸರಾಗವಾಗಿ ಹರಿಯುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಹುಳ ಬೀಳದಂತೆ ಆಗಾಗ ಬದಲಿಸಬೇಕು, ಅದೊಂದೇ ತಕರಾರು.

ಈಗ ಹೊಳೆ ಮರಳಿಗಿಂತ ಎಂ-ಸ್ಯಾಂಡ್ ಸಿಗುವುದೇ ಸುಲಭ. ಅದು ನಡೆಯುತ್ತದೆ, ಆದರೆ ಹಾಗೇ ತುಂಬಬೇಡಿ. ಅದರಲ್ಲಿರುವ ಕಲ್ಲುಪುಡಿ ಬಟ್ಟೆಯ ನೂಲಿನ ಸಂದಿಯಿಂದ ಹೊರಬಂದು ಬೋಲ್ಟ್‌ಗೆ, ಟ್ರಿಗರ್‌ಗೆ ಹೋಗಿ ಕೂರುತ್ತದೆ. ತೊಳೆದು ಪುಡಿ ಹೋಗಿಸಿ, ಟಾರ್ಪಾಲ್ ಮೇಲೆ ಹರಡಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ದಪ್ಪ ಪ್ಲಾಸ್ಟಿಕ್ ಕವರ್‌ಗೆ ತುಂಬಿ, ಆ ಕವರನ್ನು ಬಟ್ಟೆ ಚೀಲದೊಳಗೆ ಇಡಿ. ಹಸಿ ಮರಳು ತುಂಬಿದರೆ ಮೊದಲ ವಾರ ಮೆತ್ತಗಿರುತ್ತದೆ, ಆಮೇಲೆ ಇಟ್ಟಿಗೆಯಾಗುತ್ತದೆ, ಬಟ್ಟೆಗೆ ಬೂಷ್ಟು ಬೇರೆ. ಮಲೆನಾಡು, ಕೊಡಗಿನ ಮಳೆಗಾಲದಲ್ಲಿ ಚೀಲವನ್ನು ನೆಲದ ಮೇಲಿಟ್ಟು ಹೋದರೆ ಒಣಗಿಸಿ ತುಂಬಿದ್ದೂ ಹೀಗೇ ಆಗುತ್ತದೆ.

ಬಟ್ಟೆಗೆ ಹಳೇ ಜೀನ್ಸ್ ಪ್ಯಾಂಟಿನ ಕಾಲು ಬಹಳ ಚೆನ್ನ. ಮೊಣಕಾಲಿನ ಕೆಳಗಿನ ಒಂದಡಿ ಉದ್ದ ಕತ್ತರಿಸಿ, ಒಳಗೆ ತಿರುಗಿಸಿ, ಒಂದು ಬದಿಗೆ ಎರಡು ಸಾಲು ಹೊಲಿಗೆ ಹಾಕಿ. ಪೂರ್ತಿ ತುಂಬಬೇಡಿ. ಮುಂದಿನ ಚೀಲ ಮುಕ್ಕಾಲಿಗಿಂತ ಸ್ವಲ್ಪ ಮೇಲೆ, ಅಂಗೈ ಅಂಚಿನಿಂದ ನಡುವೆ ಗುದ್ದಿದರೆ ಕಾಲುವೆ ಮೂಡಿ ಹಾಗೇ ನಿಲ್ಲಬೇಕು. ಮೂಡದಿದ್ದರೆ ಜಾಸ್ತಿಯಾಗಿದೆ. ಮೂಡಿ ಬದಿಗಳು ಕುಸಿದರೆ ಕಡಿಮೆಯಾಗಿದೆ. ಹಿಂದಿನದಕ್ಕೆ ಶಾಲೆ ಮಕ್ಕಳ ಉದ್ದನೆಯ ಸಾಕ್ಸ್ ಸಾಕು. ಒಂದರೊಳಗೊಂದು ಎರಡು ಹಾಕಿ, ಮುಷ್ಟಿಯಲ್ಲಿ ಹಿಂಡಲು ಬರುವಷ್ಟು ಸಡಿಲವಾಗಿ ತುಂಬಿ, ಗಂಟು ಹಾಕಿ.

ಹಿಂದಿನ ಚೀಲದ ಮೇಲೆ ಇಷ್ಟೊಂದು ಗಮನ ಯಾಕೆ ಅಂದರೆ, ಲೆಕ್ಕ ಹಾಗಿದೆ. ಎರಡು ಚೀಲಗಳ ನಡುವೆ 60 ಸೆಂ.ಮೀ. ಅಂತರ ಇದೆ ಅಂದುಕೊಳ್ಳಿ. ಬಟ್ (ಭುಜಕ್ಕೆ ತಾಗುವ ರೈಫಲ್‌ನ ಹಿಂಭಾಗ) ಒಂದು ಮಿ.ಮೀ. ಕೆಳಗೆ ಕುಸಿದರೆ 50 ಮೀಟರ್‌ನಲ್ಲಿ ಗುರಿ ಸುಮಾರು 83 ಮಿ.ಮೀ. ಮೇಲೆ ಹೋಗುತ್ತದೆ. ಅಷ್ಟು ಕುಸಿದರೆ ನಿಮಗೇ ಕಾಣುತ್ತದೆ, ಸರಿಮಾಡಿಕೊಳ್ಳುತ್ತೀರಿ. ಆದರೆ ಟ್ರಿಗರ್ ಎಳೆಯುವ ಕೊನೆಯ ಗಳಿಗೆಯಲ್ಲಿ ಅದರ ಹತ್ತನೇ ಒಂದು ಭಾಗ ಕುಸಿದರೂ 8 ಮಿ.ಮೀ. ಹೋಯಿತು. 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸವೇ 10.4 ಮಿ.ಮೀ. ಅನ್ನುವುದು ನೆನಪಿರಲಿ.

ಗುಂಡು ಮೇಲೆ-ಕೆಳಗೆ ಸಾಲಾಗಿ ಬೀಳುತ್ತಿದೆ

ಮೊದಲ ಅನುಮಾನ ಹಿಂದಿನ ಚೀಲದ ಮೇಲೆ. ಗುರಿಯ ಎತ್ತರ ಸರಿಮಾಡಲು ಅದನ್ನು ಹಿಂಡುತ್ತೇವೆ. ಹಿಂಡಿದರೆ ಬಟ್ ಏರುತ್ತದೆ, ನಳಿಗೆ ತಗ್ಗುತ್ತದೆ. ಹೊಡೆಯುವ ಮುಂಚೆ ಮುಷ್ಟಿ ಸಡಿಲವಾದರೆ ಗುಂಡು ಮೇಲೆ ಹೋಗುತ್ತದೆ. ಚೀಲವನ್ನು ಸರಿಸಿ ಒರಟು ಎತ್ತರ ಮೊದಲೇ ಹೊಂದಿಸಿಕೊಳ್ಳಿ. ಬಟ್‌ನ ಅಡಿಭಾಗ ಓರೆಯಾಗಿರುವುದರಿಂದ ಚೀಲ ಮುಂದೆ-ಹಿಂದೆ ಸರಿಸಿದರೆ ಎತ್ತರ ಬದಲಾಗುತ್ತದೆ. ಹಿಂಡುವುದು ಕೊನೆಯ ಕೂದಲೆಳೆಗೆ ಮಾತ್ರ.

ಎರಡನೆಯದು ಉಸಿರು. ಎದೆ ಮೇಜಿಗೆ ಒರಗಿದ್ದರೆ ಒಂದೊಂದು ಉಸಿರಿಗೂ ಕ್ರಾಸ್‌ಹೇರ್ ಏರಿಳಿಯುತ್ತದೆ. ಅರ್ಧ ಇಂಚು ಹಿಂದೆ ಸರಿದು ಕೂರಿ.

ಮೂರನೆಯದನ್ನು ಯಾರೂ ನೋಡುವುದೇ ಇಲ್ಲ. ಸ್ಟಾಕ್‌ನ (ನಳಿಗೆ ಕೂರುವ ಮರದ ಅಥವಾ ಪ್ಲಾಸ್ಟಿಕ್ ಭಾಗದ) ಮುಂತುದಿಯಲ್ಲಿ ಬೆಲ್ಟ್ ಸಿಕ್ಕಿಸುವ ಸಣ್ಣ ಗುಬ್ಬಿ ಇರುತ್ತದಲ್ವಾ, ಅದು ಚೀಲದ ಮುಂದಿನ ಅಂಚಿಗೆ ತಾಗಿಕೊಂಡಿದ್ದರೆ ರೈಫಲ್ ಹಿಂದೆ ಸರಿಯುವಾಗ ಅಲ್ಲಿ ಎಡವುತ್ತದೆ. ಕೆಲವು ಸಲ ಎಡವುತ್ತದೆ, ಕೆಲವು ಸಲ ಇಲ್ಲ. ಅದೇ ಮೇಲೆ-ಕೆಳಗಿನ ಸಾಲು. ಗುಬ್ಬಿ ಚೀಲಕ್ಕಿಂತ ಎರಡು ಮೂರು ಇಂಚು ಮುಂದೆಯೇ ಇರಲಿ. ಚೀಲದ ಬಟ್ಟೆ ಒರಟಾಗಿದ್ದರೆ ಕಾಲುವೆಗೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಸ್ಟಾಕ್ ಜಾರುತ್ತದೆ.

ಅಡ್ಡಡ್ಡ ಹರಡುತ್ತಿದೆ

ಗಾಳಿ ಇದೆಯಾ ನೋಡಿ. ಇದ್ದರೆ ಆಸರೆಯನ್ನು ಬೈಯಬೇಡಿ, ಬೆಳಗ್ಗೆ ಬೇಗ ಬನ್ನಿ. ಗಾಳಿ ಇಲ್ಲದಿದ್ದರೆ ಉಳಿದಿರುವುದು ಕೆನ್ನೆಯ ಒತ್ತಡ, ಪಕ್ಕಕ್ಕೆ ತಳ್ಳುವ ಬೆರಳು, ಮತ್ತೆ ವಾಲು.

ವಾಲು ಅಂದರೆ ರೈಫಲ್ ನೆಟ್ಟಗಿರದೆ ಒಂದು ಪಕ್ಕಕ್ಕೆ ಓರೆಯಾಗುವುದು. ಮುಂದಿನ ಚೀಲದ ಕಾಲುವೆಯ ಒಂದು ದಡ ಕುಸಿದರೆ ನಿಮಗೆ ತಿಳಿಯದೆಯೇ ಆಗುತ್ತದೆ. .22 ಗುಂಡು 50 ಮೀಟರ್ ಹೋಗುವಷ್ಟರಲ್ಲಿ ನಳಿಗೆಯ ಗೆರೆಯಿಂದ ಸುಮಾರು 12 ಸೆಂ.ಮೀ. ಇಳಿದಿರುತ್ತದೆ. ಇದನ್ನು ಸರಿದೂಗಿಸಲೆಂದೇ ನಳಿಗೆ ಸ್ವಲ್ಪ ಮೇಲ್ಮುಖವಾಗಿರುತ್ತದೆ. ರೈಫಲ್ 5 ಡಿಗ್ರಿ ವಾಲಿದರೆ ಆ ಮೇಲ್ಮುಖದ ಒಂದು ಪಾಲು ಪಕ್ಕಕ್ಕೆ ತಿರುಗುತ್ತದೆ, ಗುಂಡು ಸುಮಾರು ಒಂದು ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಣ್ಣ ನೀರುಮಟ್ಟದ ಗುಳ್ಳೆಯೊಂದನ್ನು ಸ್ಕೋಪ್ ಮೌಂಟ್‌ಗೆ ಅಂಟಿಸಿದರೆ ಈ ಚಿಂತೆ ಮುಗಿಯಿತು. ಅದಕ್ಕೂ ಮುಂಚೆ ಗುರಿಯ ಹಿಂದೆ ತೂಗುಗುಂಡಿನ ದಾರ ಇಳಿಬಿಟ್ಟು, ಕ್ರಾಸ್‌ಹೇರಿನ ನಿಂತ ಗೆರೆ ಅದಕ್ಕೆ ಹೊಂದುತ್ತದಾ ನೋಡಿ.

ಗ್ರೂಪ್ ಬಿಗಿಯಾಗಿದೆ, ಆದರೆ ಜಾಗ ಬದಲಾಗುತ್ತದೆ

ನಿನ್ನೆ ನಡುವೆ ಬೀಳುತ್ತಿತ್ತು, ಇವತ್ತು ಎಲ್ಲವೂ ಎರಡು ಇಂಚು ಮೇಲೆ. ಅಥವಾ ಮೂರು ಒಂದು ಕಡೆ, ಎರಡು ಇನ್ನೊಂದು ಕಡೆ.

ನಳಿಗೆ ಎಲ್ಲಿಗಾದರೂ ತಾಗುತ್ತಿದೆಯಾ? ಆಸರೆ ಇರಬೇಕಾದದ್ದು ಸ್ಟಾಕ್‌ನ ಮರದ ಕೆಳಗೆ. ನಳಿಗೆಯ ಕೆಳಗೆ ಖಂಡಿತ ಬೇಡ. ಹೊಡೆದಾಗ ನಳಿಗೆ ಕಂಪಿಸುತ್ತದೆ, ಕೆಳಗೆ ಏನಾದರೂ ತಾಗಿದ್ದರೆ ಅದರಿಂದ ದೂರಕ್ಕೆ ಜಿಗಿಯುತ್ತದೆ, ಗುಂಡು ಮೇಲೆ ಬೀಳುತ್ತದೆ. ಫ್ರೀ ಫ್ಲೋಟ್ ನಳಿಗೆ, ಅಂದರೆ ಸ್ಟಾಕ್‌ಗೆ ತಾಗದಂತೆ ಕೂರಿಸಿದ ನಳಿಗೆ ಆದರೆ ಹತ್ತು ರೂಪಾಯಿ ನೋಟು ತೆಗೆದುಕೊಂಡು ನಳಿಗೆ ಮತ್ತು ಸ್ಟಾಕ್ ನಡುವೆ ಹಾಯಿಸಿ. ರೈಫಲ್ ಕೈಯಲ್ಲಿದ್ದಾಗ ನೋಟು ಸರಾಗವಾಗಿ ಹಿಂದಕ್ಕೆ ಹೋಗುತ್ತದೆ. ಅದನ್ನೇ ಚೀಲದ ಮೇಲಿಟ್ಟು, ಎಂದಿನ ಹಾಗೆ ಕೆನ್ನೆ ಊರಿದಾಗ ಇನ್ನೊಬ್ಬರಿಂದ ಹಾಯಿಸಿ ನೋಡಿ. ಈಗ ನೋಟು ಸಿಕ್ಕಿಕೊಂಡರೆ ಸ್ಟಾಕ್ ಬಾಗಿ ನಳಿಗೆಗೆ ತಾಗುತ್ತಿದೆ. ಅಗ್ಗದ ಪ್ಲಾಸ್ಟಿಕ್ ಸ್ಟಾಕ್‌ಗಳಲ್ಲಿ ಇದು ಮಾಮೂಲು. ಮರದ ಸ್ಟಾಕ್ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿದರೂ ಹೀಗಾಗುತ್ತದೆ. ತಕ್ಷಣದ ಪರಿಹಾರ, ಮುಂದಿನ ಚೀಲವನ್ನು ಸ್ಟಾಕ್ ತುದಿಯಿಂದ ಹಿಂದಕ್ಕೆ, ಮ್ಯಾಗಜಿನ್ ಹತ್ತಿರಕ್ಕೆ ತರುವುದು. ಅಲ್ಲಿ ಸ್ಟಾಕ್ ದಪ್ಪಗಿರುತ್ತದೆ, ಬಾಗುವುದು ಕಡಿಮೆ.

ಆಸರೆ ತೀರಾ ಗಟ್ಟಿಯಾಗಿದ್ದರೂ ಗುಂಡು ಮೇಲೆ ಹೋಗುತ್ತದೆ. ಬರೀ ಸಿಮೆಂಟ್ ಬ್ಲಾಕ್ ಮೇಲೋ, ಹಲಗೆಯ ಮೇಲೋ ಇಟ್ಟು ಹೊಡೆದರೆ ರೈಫಲ್ ಪುಟಿಯುತ್ತದೆ. ಬ್ಲಾಕ್ ಎತ್ತರಕ್ಕೆ ಮಾತ್ರ, ಅದರ ಮೇಲೆ ಚೀಲ ಇರಲೇಬೇಕು. ಬ್ಲಾಕ್ ಜಾರುತ್ತಿದ್ದರೆ ಕೆಳಗೆ ಸೈಕಲ್ ಟ್ಯೂಬಿನ ತುಂಡು ಹಾಕಿ.

ಎರಡು ಗ್ರೂಪ್ ಆಗುತ್ತಿದ್ದರೆ ಲೋಡ್ ಮಾಡುವಾಗ ನೀವು ರೈಫಲ್ ಎತ್ತುತ್ತೀರಾ ಗಮನಿಸಿ. ಸ್ಟಾಕ್ ಮೇಲೆ, ಚೀಲದ ಅಂಚು ಬರುವಲ್ಲಿ, ಒಂದು ಪಟ್ಟಿ ಟೇಪ್ ಅಂಟಿಸಿ. ಪ್ರತಿ ಸಲ ಟೇಪ್ ಅದೇ ಅಂಚಿಗೆ ಬರಲಿ. ಮೊದಲ ಎರಡು ಹೊಡೆತಕ್ಕೆ ಚೀಲ ಇನ್ನೂ ಕೂರುತ್ತಿರುತ್ತದೆ, ಹಾಗಾಗಿ ಎಣಿಕೆ ಶುರು ಮಾಡುವ ಮುಂಚೆ ರೈಫಲನ್ನು ಚೀಲಕ್ಕೆ ಒತ್ತಿ ನಾಲ್ಕಾರು ಸಲ ಮುಂದೆ-ಹಿಂದೆ ಉಜ್ಜಿ.

ಸ್ಪ್ರಿಂಗ್ ಏರ್ ರೈಫಲ್‌ಗೆ ಬೇರೆಯೇ ನಿಯಮ

.22ಗೆ ಚೆನ್ನಾಗಿ ನಡೆದ ಆಸರೆಯ ಮೇಲೆ ಸ್ಪ್ರಿಂಗ್ ಏರ್ ರೈಫಲ್ ಇಟ್ಟರೆ 25 ಮೀಟರ್‌ನಲ್ಲೂ ಪೆಲೆಟ್ ಚೆಲ್ಲಾಪಿಲ್ಲಿ ಆಗಬಹುದು. ರೈಫಲ್ ಕೆಟ್ಟಿಲ್ಲ. ಟ್ರಿಗರ್ ಎಳೆದೊಡನೆ ಒಳಗಿನ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಕೊನೆಯಲ್ಲಿ ಗಾಳಿಯನ್ನು ಒತ್ತಿ ನಿಲ್ಲುವಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಇನ್ನೂ ನಳಿಗೆಯೊಳಗಿರುವಾಗಲೇ ರೈಫಲ್ ಅಲುಗಾಡಲು ಶುರುವಾಗಿರುತ್ತದೆ. ಅದನ್ನು ತಡೆಯಲು ಹೋದಷ್ಟೂ ಗ್ರೂಪ್ ಕೆಡುತ್ತದೆ.

ಚೀಲದ ಮೇಲೆ ನಿಮ್ಮ ಎಡ ಅಂಗೈ ಮೇಲ್ಮುಖವಾಗಿಡಿ. ಅದರ ಮೇಲೆ ರೈಫಲ್ ಸುಮ್ನೆ ಕೂರಲಿ, ಬೆರಳು ಮಡಚಬೇಡಿ. ಭುಜಕ್ಕೆ ಹಗುರವಾಗಿ ತಾಗಿದರೆ ಸಾಕು. ಹಿಂದಿನ ಚೀಲ ಬಿಟ್ಟುಬಿಡಿ. ಅಂಗೈಯನ್ನು ಟ್ರಿಗರ್ ಗಾರ್ಡ್ ಮುಂದೆಯೇ ಇಟ್ಟು ಐದು ಹೊಡೆಯಿರಿ, ಆಮೇಲೆ ಎರಡು ಇಂಚು ಮುಂದೆ ಸರಿಸಿ ಐದು. ಹೀಗೆ ಸರಿಸುತ್ತಾ ಯಾವ ಜಾಗದಲ್ಲಿ ಗ್ರೂಪ್ ಬಿಗಿಯಾಗುತ್ತದೋ ಅಲ್ಲಿ ಟೇಪ್ ಅಂಟಿಸಿ. ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ ಸ್ಪ್ರಿಂಗ್ ಬಿಗಿ ಮಾಡುವ ರೈಫಲನ್ನು ಪ್ರತಿ ಸಲವೂ ಎತ್ತಲೇಬೇಕು, ಅದಕ್ಕೇ ಈ ಟೇಪ್ ಇಲ್ಲದೆ ಕೆಲಸ ಸಾಗುವುದಿಲ್ಲ. ಪಿಸಿಪಿ, ಅಂದರೆ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ರೈಫಲ್‌ಗೆ ಇದ್ಯಾವ ತಲೆನೋವೂ ಇಲ್ಲ, ಚೀಲದ ಮೇಲೆ ನೇರ ಇಡಿ.

ಗುಂಡು ಕಾಗದಕ್ಕೇ ಬೀಳುತ್ತಿಲ್ಲ, ಅಥವಾ ಒಂದೊಂದು ಎಲ್ಲೋ ಹೋಗುತ್ತದೆ

ತಕ್ಷಣ ನಿಲ್ಲಿಸಿ, ಬೋಲ್ಟ್ ತೆಗೆದಿಡಿ. ಸ್ಕೋಪ್ ನಳಿಗೆಗಿಂತ ನಾಲ್ಕೈದು ಸೆಂ.ಮೀ. ಮೇಲಿರುತ್ತದೆ. ಸ್ಕೋಪ್‌ನಲ್ಲಿ ದಾರಿ ಪೂರ್ತಿ ತೆರೆದಂತೆ ಕಾಣುತ್ತದೆ, ಆದರೆ ನಳಿಗೆಯ ಎದುರು ಚೀಲದ ಕಿವಿಯೋ, ಬ್ಲಾಕ್‌ನ ಮೂಲೆಯೋ, ಮೇಜಿನ ಅಂಚೋ ಇರಬಹುದು. ಸಿಮೆಂಟಿಗೆ ಬಡಿದ ಗುಂಡು ಯಾವ ಕಡೆಗೆ ಚಿಮ್ಮುತ್ತದೆ ಹೇಳಲಾಗದು. ಚೀಲದ ಮೇಲೆ ಗೀರು, ಬ್ಲಾಕ್ ಮೇಲೆ ಸೀಸದ ಬೂದು ಗೆರೆ ಹುಡುಕಿ. ನಳಿಗೆಯ ಬಾಯಿ ಮೇಜು, ಚೀಲ ಎಲ್ಲವನ್ನೂ ದಾಟಿ ಮುಂದಕ್ಕಿರಬೇಕು. ಬೋಲ್ಟ್ ತೆಗೆದಿರುವುದರಿಂದ ಹಿಂದಿನಿಂದ ನಳಿಗೆಯೊಳಗೆ ಇಣುಕಬಹುದು, ದುಂಡಗೆ ಗುರಿ ಕಂಡರೆ ದಾರಿ ತೆರೆದಿದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಇದ್ಯಾವುದನ್ನೂ ಮಾಡಬೇಡಿ.

ಆಸರೆ ಸರಿಯಿದೆ, ಆದರೂ ಚದುರುತ್ತಿದೆ

ಈಗ ರೈಫಲ್ ಕಡೆ ತಿರುಗಬಹುದು. ಆಸರೆ ಗಟ್ಟಿಯಾದ ಮೇಲೆ ಸುಲಭವಾಗುವ ಪರೀಕ್ಷೆ ಪ್ಯಾರಲಾಕ್ಸ್‌ದು. ಖಾಲಿ ರೈಫಲನ್ನು ಚೀಲದಲ್ಲಿ ಕೂರಿಸಿ, ಮುಟ್ಟದೆ, ತಲೆಯನ್ನು ಮಾತ್ರ ಎಡಕ್ಕೆ ಬಲಕ್ಕೆ ಆಡಿಸಿ. ಕ್ರಾಸ್‌ಹೇರ್ ಚುಕ್ಕೆಯ ಮೇಲೆ ಓಡಾಡಿದರೆ ಪ್ಯಾರಲಾಕ್ಸ್ ಇದೆ. 100 ಗಜಕ್ಕೆ ಹೊಂದಿಸಿ ಬಂದ ಸ್ಕೋಪನ್ನು 25 ಮೀಟರ್‌ಗೆ ಬಳಸಿದರೆ ಇದು ಸಹಜ. ಹೊಂದಿಸುವ ಗುಂಡಿ ಇದ್ದರೆ ತಿರುಗಿಸಿ, ಇಲ್ಲದಿದ್ದರೆ ಕೆನ್ನೆ ತಾಗುವ ಜಾಗಕ್ಕೂ ಒಂದು ಟೇಪ್. ಆಮೇಲೆ ಸ್ಕೋಪ್ ಮೌಂಟ್‌ನ ಸ್ಕ್ರೂ, ಸ್ಟಾಕ್‌ನ ಸ್ಕ್ರೂ. ಅವೂ ಬಿಗಿಯಿದ್ದರೆ ಬೇರೆ ಬ್ರ್ಯಾಂಡ್ ಗುಂಡು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೂ ಹೊಸ ಕಾಗದದಲ್ಲಿ ಐದು ಹೊಡೆತ. ಎಲ್ಲ ಮಾಡಿದರೂ ಸಿಗದಿದ್ದರೆ ಅದೇ ಚೀಲಗಳ ಮೇಲೆ ಚೆನ್ನಾಗಿ ಹೊಡೆಯುವ ಇನ್ನೊಂದು ರೈಫಲ್ ಇಟ್ಟು ನೋಡಿ. ಅದೂ ಚದುರಿದರೆ ಮತ್ತೆ ಚೀಲ, ಮೇಜು, ನೀವು. ಅದು ಬಿಗಿಯಾಗಿ ಕೂತರೆ ನಿಮ್ಮ ರೈಫಲನ್ನು ಗನ್‌ಸ್ಮಿತ್ ಹತ್ತಿರ ಒಯ್ಯಿರಿ.

ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ಬೆಂಚ್ ಇಲ್ಲ, ನಿಂತು ಹೊಡೆಯಬೇಕು. ಅಂಥದ್ದಕ್ಕೆಂದು ಝೀರೋ ಮಾಡುತ್ತಿದ್ದರೆ ಬೆಂಚ್ ಕೆಲಸ ಮುಗಿದ ಮೇಲೆ ಅದೇ ದೂರಕ್ಕೆ ನಿಂತು ಹತ್ತು ಗುಂಡು ಹೊಡೆದು, ಗ್ರೂಪ್‌ನ ನಡು ಎಲ್ಲಿದೆ ನೋಡಿ. .22ರಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ಕಡಿಮೆ, ಝೀರೋ ಹಾಗೇ ಬಿಡಿ. ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಸರಿದಿದ್ದರೆ, ನಿಂತು ಹೊಡೆದ ಗ್ರೂಪ್‌ಗೇ ಸ್ಕೋಪ್ ಹೊಂದಿಸಿಕೊಳ್ಳಿ.